ಪ್ರಿಂಟರ್‌ನದೇನೂ ತಪ್ಪಿಲ್ಲ

ಚನ್ನರಾಯಪಟ್ಟಣದಲ್ಲಿ ಡಿಟಿಪಿ ಮಾಡುವ ನನ್ನ ಬಳಿಗೆ ಜಿನನಾಥಪುರದ ಶಾಂತಿನಾಥ ಬಸದಿಯ ಅಳತೆಪಟ್ಟಿ ಬಂತು. ಹೊಯ್ಸಳರ ಕೆತ್ತನೆಯಷ್ಟು ನಾಜೂಕಿನ ಲೆಕ್ಕ; ಮುದ್ರಣದಲ್ಲಿ ಮಾತ್ರ ಕನ್ನಡ ದಪ್ಪ, ಅಂಕಿ ಪುಟಾಣಿ. ‘ಪ್ರಿಂಟರ್ ಕೆಟ್ಟಿದೆ ಕಣಪ್ಪ’ ಅಂದರು ತಂದ ಮೇಷ್ಟ್ರು. ಪಾಪ, ಅದೇನು ಮಾಡೀತು? ವರ್ಡ್, ಲಿಬ್ರೆಆಫೀಸ್ ಎರಡೂ ಕನ್ನಡವನ್ನು ಸಂಕೀರ್ಣ ಲಿಪಿಯೆಂದು ಎಣಿಸಿ, ಅದಕ್ಕೊಂದು, ಇಂಗ್ಲಿಷ್ ಅಂಕಿಗೊಂದು ಅಳತೆ ಇಟ್ಟುಕೊಳ್ಳುತ್ತವೆ. ಕನ್ನಡ 12 ಪಾಯಿಂಟಿಗೆ ಏರಿದರೂ ಅಂಕಿ 10ರಲ್ಲೇ ಉಳಿದೀತು. ಸ್ಟೈಲ್‌ನಲ್ಲೇ ಎರಡನ್ನೂ ಹೊಂದಿಸಬೇಕು. ಸಾಲುಸಾಲಾಗಿ ತಿದ್ದುವುದು ದಂಡದ ಕೆಲಸ. ಪ್ರೆಸ್ಸಿಗೆ ಕಳಿಸುವ ಪಿಡಿಎಫ್‌ನೊಳಗೆ ಫಾಂಟ್ ಅಡಕವಾಗಿರಲಿ, ಇಲ್ಲದಿದ್ದರೆ ಅಲ್ಲಿನ ಕಂಪ್ಯೂಟರ್ ತನಗೆ ತೋಚಿದ್ದನ್ನು ಹಾಕೀತು. ಮುದ್ರಿಸುವಾಗ ‘ಫಿಟ್ ಟು ಪೇಜ್’ ಬೇಡ, 100 ಪರ್ಸೆಂಟ್ ಇಡಿ. ಕಂಪ್ಯೂಟರ್ ತರಬೇತಿಗಳಲ್ಲಿ ಟೈಪಿಂಗ್ ವೇಗಕ್ಕೆ ಅಂಕ ಕೊಡುವವರು ಈ ಹೊಂದಾಣಿಕೆಗೂ ನಾಲ್ಕು ಅಂಕ ಇಡಲಿ.