ಹತ್ತನೆಯವನು ನಾನೇ

2021ರ ಜನವರಿಯ ಒಂದು ಸಂಜೆ. ಅಸರ್ ನಮಾಝ್ ಮುಗಿಸಿ ಮಸೀದಿಯ ಜಗಲಿಯಲ್ಲಿ ಕುಳಿತಿದ್ದ ನಾಲ್ಕು ಮಂದಿಗೆ ನಾನು ನನ್ನ ಮೊಬೈಲ್ ತೆರೆದು ತೋರಿಸಿದೆ. ಮನೆಯ ಮಾಡು ರಿಪೇರಿಗೆಂದು ಕೂಡಿಟ್ಟು, ಆರು ತಿಂಗಳ ಹಿಂದೆ ಷೇರಿಗೆ ಹಾಕಿದ್ದ 40,000 ರೂಪಾಯಿ 58,000 ಆಗಿತ್ತು. "ನಮ್ಮ ಉಸ್ತಾದರು ಕಿತಾಬು ಮಾತ್ರವಲ್ಲ, ಪೇಟೆಯನ್ನೂ ಓದುತ್ತಾರೆ" ಎಂದು ಒಬ್ಬರು ಹೇಳಿದರು. ನಾನು ತಲೆ ತಗ್ಗಿಸಿ ನಕ್ಕೆ. ವಿನಯದಿಂದಲ್ಲ, ಮುಖದ ಹಿಗ್ಗು ಅವರಿಗೆ ಕಾಣದಿರಲಿ ಎಂದು.

ನಾನು ಪೇಟೆಯನ್ನು ಓದಿರಲಿಲ್ಲ. ಬಡ್ಡಿ, ಮದ್ಯದ ವ್ಯವಹಾರವಿಲ್ಲದ ಕಂಪೆನಿಗಳೇ ಎಂದು ಬಲ್ಲವರಲ್ಲಿ ಕೇಳಿಕೊಂಡಿದ್ದೆ, ಅಷ್ಟೇ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಕುಸಿದು 26,000ದ ಕೆಳಗಿಳಿದಿತ್ತು. ಹತ್ತೇ ತಿಂಗಳಲ್ಲಿ, 2021ರ ಜನವರಿ 21ರಂದು, ಅದೇ ಸೂಚ್ಯಂಕ ಮೊದಲ ಬಾರಿಗೆ 50,000 ಮುಟ್ಟಿತು. ಆ ನಡುವೆ ಕಣ್ಣು ಮುಚ್ಚಿ ಕೊಂಡವನಿಗೂ ಲಾಭವೇ. ಒಳ್ಳೆಯ ಮಳೆ ಬಂದ ವರ್ಷ ಯಾರ ಗದ್ದೆಯಾದರೂ ಹಸಿರು; ಅದನ್ನು ತನ್ನ ಬೇಸಾಯದ ಜಾಣ್ಮೆ ಎಂದು ಹೇಳಿಕೊಳ್ಳುವವನನ್ನು ಊರಿನ ಹಿರಿಯರು ನಗುತ್ತಾರೆ. ನನ್ನನ್ನು ನೋಡಿ ಯಾರೂ ನಗಲಿಲ್ಲ.

ಮುಂದಿನ ಕಥೆಯನ್ನು ನಾನು ಜಗಲಿಯಲ್ಲಿ ಹೇಳಲಿಲ್ಲ. ಟೆಲಿಗ್ರಾಂ ಗುಂಪೊಂದರಲ್ಲಿ ಬಂದ ಸಲಹೆ ನಂಬಿ, ಇದ್ದುದನ್ನೆಲ್ಲ ಮಾರಿ ಒಂದು ಸಣ್ಣ ಕಂಪೆನಿಯ ಷೇರು ಕೊಂಡೆ. ವರ್ಷ ಕಳೆಯುವಷ್ಟರಲ್ಲಿ 58,000 ಹೋಗಿ 19,000 ಉಳಿಯಿತು. ಮಾಡಿನ ಮಾತು ಬಂದಾಗಲೆಲ್ಲ ಹೆಂಡತಿಗೆ "ಈ ಮಳೆಗಾಲ ಕಳೆಯಲಿ" ಎನ್ನುತ್ತಿದ್ದೆ. ಲಾಭದ ಸುದ್ದಿ ನಾಲ್ವರಿಗೆ ತಿಳಿಯಿತು, ನಷ್ಟದ ಸುದ್ದಿ ನನ್ನಲ್ಲೇ ಉಳಿಯಿತು. ಒಬ್ಬನ ಬಾಯಲ್ಲಿ ಹೀಗಾದರೆ, ಲಕ್ಷಾಂತರ ಜನ ಮೊಬೈಲಿನಲ್ಲಿ ಗೆದ್ದುದನ್ನು ಮಾತ್ರ ತೋರಿಸುವಾಗ ನೋಡುವವನಿಗೆ ಲೋಕವೆಲ್ಲ ಗೆಲ್ಲುತ್ತಿರುವಂತೆ ಕಾಣುವುದರಲ್ಲಿ ಆಶ್ಚರ್ಯವೇನು?

ಆ ಸಂಜೆಯ ನಾಲ್ವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಪೇಟೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ. ಅವನು ನನ್ನಂತೆ ಷೇರು ಕೊಂಡು ಕಾಯಲಿಲ್ಲ. ಎಫ್ ಅಂಡ್ ಓ ಎನ್ನುತ್ತಾರಲ್ಲ, ಆ ಆಪ್ಶನ್ ವ್ಯವಹಾರಕ್ಕೆ ಇಳಿದ. ಅಲ್ಲಿ ಕೊಳ್ಳುವುದು ಕಂಪೆನಿಯ ಪಾಲನ್ನಲ್ಲ. ಇಂತಿಷ್ಟು ದಿನದೊಳಗೆ ಬೆಲೆ ಏರುತ್ತದೆ ಅಥವಾ ಇಳಿಯುತ್ತದೆ ಎಂಬ ಲೆಕ್ಕದ ಮೇಲೆ ಒಂದು ಹಕ್ಕನ್ನು ಕೊಳ್ಳುವುದು. ಎಣಿಸಿದಂತೆ ನಡೆದರೆ ಹಣ ಒಂದೇ ಗಳಿಗೆಯಲ್ಲಿ ಎರಡು ಪಟ್ಟಾಗಬಹುದು. ನಡೆಯದಿದ್ದರೆ ಕೊಟ್ಟ ಹಣವೆಲ್ಲ ಹೋಗುತ್ತದೆ. ಬೆಲೆ ಅಲ್ಲೇ ನಿಂತರೂ ದಿನ ಕಳೆದಂತೆ ಆ ಹಕ್ಕಿನ ಬೆಲೆ ಬಿಸಿಲಿಗಿಟ್ಟ ಮಂಜುಗಡ್ಡೆಯಂತೆ ಕರಗುತ್ತದೆ. ಗೆದ್ದರೂ ಸೋತರೂ ದಲ್ಲಾಳಿ ಶುಲ್ಕ, ತೆರಿಗೆ ಕೊಡಬೇಕು. ಇದು ವ್ಯಾಪಾರವೋ ಜೂಜೋ ಎಂಬ ಧಾರ್ಮಿಕ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ, ಲೆಕ್ಕವನ್ನಷ್ಟೇ ನೋಡೋಣ.

ಷೇರುಪೇಟೆಯ ನಿಯಂತ್ರಣ ಮಂಡಳಿ ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವ್ಯವಹಾರಕ್ಕೆ ಇಳಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯರಲ್ಲಿ ಶೇ. 93 ಮಂದಿ ಹಣ ಕಳೆದುಕೊಂಡಿದ್ದರು. ತಲಾ ಸುಮಾರು ಎರಡು ಲಕ್ಷ ರೂಪಾಯಿ, ಒಟ್ಟು 1.8 ಲಕ್ಷ ಕೋಟಿ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು. 2024-25ರಲ್ಲೂ ಶೇ. 91 ಮಂದಿ ಸೋತರು. ಗೆದ್ದವರು ಯಾರು? ಹೆಚ್ಚಾಗಿ ಕಂಪ್ಯೂಟರ್ ಮೂಲಕವೇ ವಹಿವಾಟು ನಡೆಸುವ ದೊಡ್ಡ ಸಂಸ್ಥೆಗಳು ಮತ್ತು ವಿದೇಶಿ ಹೂಡಿಕೆದಾರರು. ನಮ್ಮ ಹುಡುಗರು ಅಂಗಡಿಯ ಕೌಂಟರಿನಡಿಯಲ್ಲಿ ಮೊಬೈಲ್ ಹಿಡಿದು ಅವರೊಡನೆ ಓಟಕ್ಕೆ ನಿಲ್ಲುತ್ತಾರೆ.

ಇದು ಗುಟ್ಟೇನಲ್ಲ. ಹತ್ತರಲ್ಲಿ ಒಂಬತ್ತು ಮಂದಿ ಇಲ್ಲಿ ಹಣ ಕಳೆದುಕೊಳ್ಳುತ್ತಾರೆ ಎಂಬ ಎಚ್ಚರಿಕೆಯನ್ನು ದಲ್ಲಾಳಿ ಕಂಪೆನಿಗಳು ತಮ್ಮ ಆ್ಯಪ್‌ನಲ್ಲಿ ತೋರಿಸಬೇಕೆಂದು 2023ರಲ್ಲೇ ಸೆಬಿ ಕಡ್ಡಾಯ ಮಾಡಿತು. ಅದನ್ನು ಓದಿದ ಮೇಲೂ ಜನ ಬೆರಳೊತ್ತಿ ಮುಂದೆ ಹೋಗುತ್ತಾರೆ. ಯಾಕೆಂದು ನನ್ನ ವಿದ್ಯಾರ್ಥಿಯನ್ನು ಕೇಳಿದೆ. "ಆ ಒಂಬತ್ತು ಜನರ ಮೇಲೆ ಅಯ್ಯೋ ಅನಿಸುತ್ತಿತ್ತು ಉಸ್ತಾದ್" ಎಂದ. ಹತ್ತನೆಯವನು ತಾನೇ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಸತತ ಎರಡು ವರ್ಷ ಸೋತವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಆಟ ಮುಂದುವರಿಸಿದರೆಂದೂ ಅದೇ ಅಧ್ಯಯನ ಹೇಳುತ್ತದೆ.

ಕಳೆದ ವರ್ಷ ತರಗತಿಯಲ್ಲಿ ಒಂದು ಪ್ರಯೋಗ ಮಾಡಿದೆ. 32 ಮಕ್ಕಳಿದ್ದರು. ಇಬ್ಬಿಬ್ಬರನ್ನು ಜೋಡಿ ನಿಲ್ಲಿಸಿ ನಾಣ್ಯ ಚಿಮ್ಮಿಸಿದೆವು. (ಪಾಠಕ್ಕೆ ಮಾತ್ರ, ಪಣವೇನೂ ಇರಲಿಲ್ಲ. ಹೆತ್ತವರು ಗಾಬರಿಯಾಗುವುದು ಬೇಡ.) ಸೋತವರು ಕುಳಿತುಕೊಂಡರು. ಹದಿನಾರು, ಎಂಟು, ನಾಲ್ಕು, ಎರಡು, ಕೊನೆಗೆ ಒಬ್ಬ. ಸತತ ಐದು ಸಲ ಗೆದ್ದ ಆ ಹುಡುಗನ ಸುತ್ತ ಎಲ್ಲರೂ ಮುತ್ತಿಕೊಂಡು "ಹೇಗೆ ಮಾಡಿದೆ?" ಎಂದು ಕೇಳಿದರು. ಅವನು ಗಂಭೀರವಾಗಿ "ಎಡಗೈ ಮುಷ್ಟಿ ಬಿಗಿ ಹಿಡಿಯಬೇಕು, ನಾಣ್ಯವನ್ನು ನೋಡಬಾರದು" ಎಂದ. ಆಟದ ಬಿಡುವಿನಲ್ಲಿ ನೋಡುತ್ತೇನೆ, ಇಬ್ಬರು ಎಡಗೈ ಮುಷ್ಟಿ ಬಿಗಿ ಹಿಡಿದು ನಾಣ್ಯ ಚಿಮ್ಮಿಸುತ್ತಿದ್ದಾರೆ! 32ರ ಬದಲು 32 ಲಕ್ಷ ಜನರಿದ್ದರೆ ಹೀಗೆ ಐದು ಸಲ ಗೆದ್ದವರೇ ಒಂದು ಲಕ್ಷ ಮಂದಿ ಸಿಗುತ್ತಾರೆ. ಅವರಲ್ಲಿ ಕೆಲವರಾದರೂ ತರಬೇತಿ ಕೇಂದ್ರ ತೆರೆಯದೆ ಇರುತ್ತಾರೆಯೇ?

ಗೆಲ್ಲದವರೂ ತೆರೆಯುತ್ತಾರೆ. ಬಾಪ್ ಆಫ್ ಚಾರ್ಟ್ ಎಂಬ ಹೆಸರಿನಲ್ಲಿ ಪಾಠ ಮಾಡುತ್ತಿದ್ದವರ ವಿರುದ್ಧ 2023ರ ಅಕ್ಟೋಬರಿನಲ್ಲಿ ಸೆಬಿ ಮಧ್ಯಂತರ ಆದೇಶ ಹೊರಡಿಸಿತು. ಅದರ ಪ್ರಕಾರ, ಭಾರೀ ಲಾಭದ ಆಸೆ ತೋರಿಸಿ ಜನರಿಂದ ಪಡೆದ ಹಣ 17 ಕೋಟಿ ರೂಪಾಯಿಗೂ ಹೆಚ್ಚು. ಅದೇ ಎರಡೂವರೆ ವರ್ಷಗಳಲ್ಲಿ ಸ್ವಂತ ವಹಿವಾಟಿನಲ್ಲಿ ಆದದ್ದು 2.89 ಕೋಟಿ ರೂಪಾಯಿ ನಷ್ಟ. ಆದಾಯ ಬಂದದ್ದು ಪೇಟೆಯಿಂದಲ್ಲ, ಪಾಠ ಕೇಳಲು ಬಂದವರಿಂದ.

ಮನೆಯ ಹೆಂಗಸರಿಗೆ ಹಣದ ವಿಷಯ ತಿಳಿಯುವುದಿಲ್ಲ ಎನ್ನುವ ಗಂಡಸರಿಗೆ ಇನ್ನೊಂದು ಮಾತು. ಅಮೆರಿಕದ ಬಾರ್ಬರ್ ಮತ್ತು ಓಡೀನ್ ಎಂಬ ಇಬ್ಬರು ಪ್ರಾಧ್ಯಾಪಕರು 1990ರ ದಶಕದ ಸಾವಿರಾರು ಕುಟುಂಬಗಳ ಷೇರು ಖಾತೆಗಳನ್ನು ಪರಿಶೀಲಿಸಿದರು. ಅತಿ ಹೆಚ್ಚು ಕೊಂಡು ಮಾರಿದ ಕುಟುಂಬಗಳಿಗೆ ವರ್ಷಕ್ಕೆ ಶೇ. 11.4 ಸಿಕ್ಕರೆ, ಪೇಟೆಯೇ ಶೇ. 17.9 ಏರಿತ್ತು. 2001ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಗಂಡಸರು ಹೆಂಗಸರಿಗಿಂತ ಶೇ. 45ರಷ್ಟು ಹೆಚ್ಚು ವಹಿವಾಟು ನಡೆಸಿ, ಅದರಿಂದಲೇ ಹೆಚ್ಚು ಕಳೆದುಕೊಂಡಿದ್ದರು. ನನಗೆ ಎಲ್ಲ ತಿಳಿದಿದೆ ಎಂಬ ಹಮ್ಮಿಗೆ ತೆತ್ತ ಬೆಲೆ ಅದು. ಈ ಸಾಲುಗಳನ್ನು ನನ್ನಾಕೆ ಓದಿ ಏನೂ ಹೇಳದೆ ಪುಟ ಮಡಚಿಟ್ಟಳು.

ಪ್ರವಾದಿಯವರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒದ್ದೆ ಕಾಳು ಕೈಗೆ ತಗಲಿದಾಗ, ಜನರಿಗೆ ಕಾಣುವಂತೆ ಇದನ್ನು ಮೇಲಿಡಬಾರದೇ ಎಂದು ಮಾರುವವನನ್ನು ಕೇಳಿದ ಘಟನೆಯನ್ನು ನಾನು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ. ಅದು ಅಕ್ಕಿ, ಗೋಧಿಯ ವರ್ತಕರಿಗೆ ಸಂಬಂಧಿಸಿದ್ದು ಎಂದೇ ತಿಳಿದುಕೊಂಡಿದ್ದೆ. ಜಗಲಿಯಲ್ಲಿ ನಾನು ತೋರಿಸಿದ್ದೂ ರಾಶಿಯ ಮೇಲಿನ ಒಣ ಕಾಳನ್ನೇ.

ವಿದ್ಯಾರ್ಥಿ ಕಳೆದುಕೊಂಡದ್ದು 1,70,000 ರೂಪಾಯಿ. ಅದರಲ್ಲಿ ತಾಯಿಯ ಎರಡು ಬಳೆ ಮಾರಿದ ಹಣವೂ ಇತ್ತು. ನನ್ನ 19,000ದ ಕಥೆಯನ್ನು ಅವನಿಗೆ ಹೇಳಿದ ದಿನ ಅವನು ಸಿಟ್ಟಾಗಲಿಲ್ಲ. "ಇದನ್ನು ಆಗಲೇ ಹೇಳಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ ಉಸ್ತಾದ್" ಎಂದಷ್ಟೇ ಹೇಳಿದ. ನಿಲ್ಲಿಸುತ್ತಿದ್ದನೋ ಇಲ್ಲವೋ, ಅಲ್ಲಾಹನೇ ಬಲ್ಲ. ಒಂದು ಬಳೆಯನ್ನಾದರೂ ಮರಳಿ ಮಾಡಿಸೋಣವೆಂದು ಈಗ ನಾವಿಬ್ಬರೂ ಪ್ರತಿ ತಿಂಗಳು ಊರಿನ ಚಿನ್ನದಂಗಡಿಯವರಲ್ಲಿ ಒಂದಿಷ್ಟು ಹಣ ಕಟ್ಟುತ್ತಿದ್ದೇವೆ. ಇನ್ನೂ ಒಂಬತ್ತು ತಿಂಗಳಿದೆ. ಮಾಡಿನ ರಿಪೇರಿ ಅದರ ನಂತರ.