ವರ್ಣಾಂಧತೆ ಅಪರಾಧವಲ್ಲ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಕನ್ನಡ ಶಾಲೆ ಕಲಿತ ಮಕ್ಕಳಿಗೂ ನಮ್ಮ ಕಾಸರಗೋಡಿನ ಮಕ್ಕಳಿಗೂ ಒಂದು ಸಾಮ್ಯವಿದೆ. ತಾಯಿನುಡಿಯಲ್ಲಿ ಓದಿ, ಉದ್ಯೋಗಕ್ಕೆ ಅನ್ಯಭಾಷೆಯ ಬಾಗಿಲು ತಟ್ಟಬೇಕಾದವರು ಇವರು. ಅಂಥವರಿಗೆ ವೈದ್ಯಕೀಯ ಪ್ರಯೋಗಾಲಯದ ಕೆಲಸ ಭರವಸೆಯ ದಾರಿ. ಮಿರಜವಾಗಲಿ, ವಿಜಯಪುರವಾಗಲಿ, ಮಂಗಳೂರಾಗಲಿ, ಸೂಕ್ಷ್ಮದರ್ಶಕಕ್ಕೆ ಭಾಷಾಭೇದವಿಲ್ಲ. ಆದರೆ ಅಲ್ಲಿ ಬಣ್ಣಭೇದವುಂಟು.

ಕ್ಷಯರೋಗದ ಕಫಪರೀಕ್ಷೆಯಲ್ಲಿ ಝೀಲ್-ನೀಲ್ಸನ್ ವಿಧಾನದಂತೆ ನೀಲಿ ಹಿನ್ನೆಲೆಯಲ್ಲಿ ಕೆಂಪು ರೋಗಾಣುಗಳನ್ನು ಹುಡುಕಬೇಕು. ಗ್ರಾಂ ವಿಧಾನದಲ್ಲಿ ನೇರಳೆ ಯಾವುದು, ಗುಲಾಬಿ ಯಾವುದು ಎಂದು ಬೇರ್ಪಡಿಸಬೇಕು. ಮೂತ್ರಪರೀಕ್ಷೆಯ ಪಟ್ಟಿಯ ಫಲಿತಾಂಶವೂ ಬಣ್ಣದಲ್ಲೇ ಇದೆ. ರಕ್ತದ ನಳಿಕೆಗಳನ್ನು ಗುರುತಿಸುವುದು ಮುಚ್ಚಳದ ಬಣ್ಣದಿಂದ. ಕೆಂಪು-ಹಸಿರುಗಳ ವ್ಯತ್ಯಾಸ ಸರಿಯಾಗಿ ಕಾಣದವರಿಗೆ ಇಲ್ಲಿ ತೊಡಕಾಗಬಹುದು. ತಪ್ಪಿದರೆ ಅದರ ಫಲ ಉಣ್ಣುವವನು ರೋಗಿ.

ಇದು ಬಹುಮಟ್ಟಿಗೆ ಹುಟ್ಟಿನಿಂದ ಬರುವ ಗುಣ. ತಾಯಿಯ ಮೂಲಕ ಮಗನಿಗೆ ಇಳಿಯುತ್ತದೆ. ಸೋದರಮಾವನಿಗಿದ್ದರೆ ಅಳಿಯನಿಗೂ ಇರಬಹುದು. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಈ ದೋಷವಿದೆ. ಹೆಂಗಸರಲ್ಲಿ ತೀರ ವಿರಳ. ರಸಾಯನ ವಿಜ್ಞಾನಿ ಜಾನ್ ಡಾಲ್ಟನ್ 1794ರಲ್ಲಿ ತನ್ನ ಕಣ್ಣಿನ ಈ ದೋಷವನ್ನು ತಾನೇ ವಿವರಿಸಿದ್ದ. ಎಲೆ ಹಸಿರು, ರಕ್ತ ಕೆಂಪು ಎಂದು ಬಾಲ್ಯದಲ್ಲೇ ಕಲಿತು ಹೇಳುವುದರಿಂದ ಮನೆಯವರಿಗೂ ಇದು ತಿಳಿಯದೆ ಹೋಗುತ್ತದೆ. ಸಾಲ ಮಾಡಿ ಶುಲ್ಕ ಕಟ್ಟಿದ ಮೇಲೆ ತಿಳಿದರೆ ಬಡಕುಟುಂಬದ ಗತಿಯೇನು?

ಪರಿಹಾರ ಕಠಿಣವಲ್ಲ. ಜಪಾನಿನ ಇಶಿಹಾರ 1917ರಲ್ಲಿ ಪ್ರಕಟಿಸಿದ ಚುಕ್ಕೆಚಿತ್ರಗಳಲ್ಲಿ ಅಂಕಿ ಓದಿದರಾಯಿತು. ಓದಲಾರದವರು ಗೆರೆಯ ಜಾಡು ಹಿಡಿದರಾಯಿತು. ಕೆಲವೇ ನಿಮಿಷಗಳ ಕೆಲಸ. ಪರೀಕ್ಷಕರು ಮರಾಠಿಯವರೋ ಮಲಯಾಳಿಗಳೋ, ಮಗುವಿನ ಕನ್ನಡ ಅಡ್ಡಿಯಾಗದು. ಹತ್ತನೇ ತರಗತಿ ಮುಗಿಯುವ ಮೊದಲೇ ಪ್ರತಿ ಶಾಲೆಯಲ್ಲೂ ಈ ಪರೀಕ್ಷೆ ನಡೆಯಬೇಕು.

ಹಾಗೆಂದು ದೋಷ ಕಂಡವರನ್ನೆಲ್ಲ ಹೊರಗಟ್ಟುವುದೂ ನ್ಯಾಯವಲ್ಲ. ಪುಣೆಯ ಚಲನಚಿತ್ರ ಸಂಸ್ಥೆಯ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟು ವರ್ಣಾಂಧರಿಗೆ ಬಾಗಿಲು ಮುಚ್ಚಬಾರದೆಂದಿತು. ಸಿನಿಮಾ ಬೇರೆ, ಪ್ರಾಣದ ಪ್ರಶ್ನೆ ಬೇರೆ ಎಂಬುದು ನಿಜ. ಆದರೆ ದೋಷದಲ್ಲೂ ಹೆಚ್ಚುಕಡಿಮೆಯುಂಟು. ಇಂದಿನ ಅನೇಕ ಯಂತ್ರಗಳು ಫಲಿತಾಂಶವನ್ನು ಅಂಕಿಗಳಲ್ಲೇ ಕೊಡುತ್ತವೆ. ಬಣ್ಣದ ನಿರ್ಣಯವನ್ನು ಸಹೋದ್ಯೋಗಿ ಮತ್ತೊಮ್ಮೆ ನೋಡುವ, ನಳಿಕೆಗೆ ಅಕ್ಷರದ ಗುರುತೂ ಹಚ್ಚುವ ಪದ್ಧತಿಯಿದ್ದರೆ ರೋಗಿಗೂ ಕ್ಷೇಮ, ನೌಕರನಿಗೂ ಅನ್ನ.

ಪ್ರವೇಶ ಕೊಡುವ ಸಂಸ್ಥೆಗಳು ತಮ್ಮ ನಿಯಮವನ್ನು ಮೊದಲೇ ಸ್ಪಷ್ಟಪಡಿಸಲಿ. ಗಡಿನಾಡಿನ ರಕ್ಷಕ-ಶಿಕ್ಷಕ ಸಂಘಗಳೂ ಕನ್ನಡ ಸಂಘಟನೆಗಳೂ ಸಮೀಪದ ಆರೋಗ್ಯ ಕೇಂದ್ರದ ನೆರವಿನಿಂದ ಈ ವರ್ಷವೇ ಕಾರ್ಯೋನ್ಮುಖವಾಗಲಿ ಎಂದು ನಾವು ಆಗ್ರಹಿಸುತ್ತೇವೆ.