ಟಿಕ್ ಟಿಕ್ ಎನ್ನುವ ಕಾರಿಗೆ ಯಾವ ಎಣ್ಣೆ?

ನಮ್ಮ ಶಾಲೆಯಲ್ಲಿ ಓದಿ, ಬಿ.ಇ. ಮುಗಿಸಿ, ಈಗ ಅಮೆರಿಕದ ಡೆಟ್ರಾಯಿಟ್ ನಗರದ ಸಮೀಪ ನೌಕರಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಪತ್ರ ಬರೆದಿದ್ದಾನೆ. ಎರಡು ವರ್ಷ ಕೂಡಿಟ್ಟ ಹಣದಲ್ಲಿ ಅವನೊಂದು ಸ್ಪೋರ್ಟ್ಸ್ ಕಾರು ಕೊಂಡಿದ್ದಾನೆ. ಹೊಸದಲ್ಲ, 1992ರ ಮಜ್ದಾ ಮಿಯಾಟಾ. ‘ಸಾರ್, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನಿನ ಮೇಲ್ಭಾಗದಿಂದ ಟಿಕ್ ಟಿಕ್ ಅಂತ ಶಬ್ದ. ಐದು ನಿಮಿಷಕ್ಕೆ ನಿಲ್ಲುತ್ತೆ. ಹಳೇ ಎಂಜಿನ್ನಿಗೆ ದಪ್ಪ ಎಣ್ಣೆ ಹಾಕು, 20 ಡಬ್ಲ್ಯೂ-50 ಹಾಕಿದರೆ ಸದ್ದಡಗುತ್ತೆ ಅಂತ ಮಾರಿದವನು ಹೇಳಿದ. ಊರಿನಿಂದ ಅಪ್ಪನೂ ಅದನ್ನೇ ಹೇಳ್ತಾರೆ. ಹಾಕಲೇ? ಎಂಜಿನ್ ಬಿಚ್ಚಿಸೋ ಹಾಗಾದರೆ ಕಾರಿಗೆ ಕೊಟ್ಟಷ್ಟೇ ದುಡ್ಡು ಮತ್ತೆ ಬೇಕು’ ಎಂದು ಕೇಳಿದ್ದಾನೆ.

ಹಾಕಬೇಡ ಎಂದು ಅವನಿಗೆ ಒಂದು ಸಾಲಿನಲ್ಲಿ ಉತ್ತರ ಬರೆದೆ. ಏಕೆ ಎಂಬುದು ಒಂದು ಸಾಲಿನಲ್ಲಿ ಮುಗಿಯುವ ಮಾತಲ್ಲ. ಅದು ಸ್ಕೂಟರು ಇಟ್ಟುಕೊಂಡವರಿಗೂ ಉಪಯೋಗಕ್ಕೆ ಬರುವಂಥದ್ದು. ಆದ್ದರಿಂದ ಈ ವಾರ ಅದೇ ವಿಷಯ.

ಮಜ್ದಾ ಎಂದರೆ ನಮಗೆ ನೆನಪಾಗುವುದು ಮದುವೆ ದಿಬ್ಬಣ, ಶಾಲಾ ಪ್ರವಾಸಗಳ ಸ್ವರಾಜ್ ಮಜ್ದಾ ವ್ಯಾನು. ಮಿಯಾಟಾ ಅದೇ ಜಪಾನಿ ಕಂಪನಿಯ ಇಬ್ಬರೇ ಕೂರುವ, ಮಾಡು ಮಡಚುವ ಪುಟ್ಟ ಕಾರು. 1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿದ್ದವು. ಇಬ್ಬರು ಕೂರುವ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಖರ್ಚಾದದ್ದು ಬೇರೊಂದಿಲ್ಲ. ಹುಡುಗನ ಕಾರಿನದು 1.6 ಲೀಟರಿನ, ನಾಲ್ಕು ಸಿಲಿಂಡರಿನ, ಹದಿನಾರು ಕವಾಟಗಳ ಎಂಜಿನ್. ನಿಮಿಷಕ್ಕೆ ಏಳು ಸಾವಿರ ಸುತ್ತು ಹಾಕಿದರೂ ಏದುಸಿರು ಬಿಡದ ಗಟ್ಟಿ ಜೀವ ಅದು.

ಇನ್ನು ಎಣ್ಣೆಯ ಮಾತು. ಎಂಜಿನ್ನಿನೊಳಗೆ ಎಣ್ಣೆ ಮಾಡುವ ಕೆಲಸ ‘ಜಾರಿಸುವುದು’ ಎಂದು ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಅರ್ಧ ಅಂಕ ಕೊಡಬಹುದು. ಇಂಗ್ಲೆಂಡಿನಲ್ಲಿ ಬೋಚಂಪ್ ಟವರ್ ಎಂಬ ಎಂಜಿನಿಯರ್ 1883ರ ಸುಮಾರಿಗೆ ರೈಲು ಗಾಲಿಗಳ ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯ ಮೇಲೆ ಒಂದು ತೂತು ಕೊರೆದ. ಅಚ್ಚು ತಿರುಗತೊಡಗಿದರೆ ಎಣ್ಣೆ ಒಳಗೆ ಹೋಗುವ ಬದಲು ಆ ತೂತಿನಿಂದಲೇ ಉಕ್ಕಿ ಬಂತು! ಬಿರಡೆ ಜಡಿದ; ಎಣ್ಣೆ ಅದನ್ನೂ ಹೊರಕ್ಕೆ ತಳ್ಳಿತು. ಒತ್ತಡ ಅಳೆಯುವ ಮಾಪಕ ಕೂರಿಸಿದರೆ ಚದರ ಅಂಗುಲಕ್ಕೆ 200 ಪೌಂಡಿಗೂ ಹೆಚ್ಚು ತೋರಿಸಿತು. ತಿರುಗುವ ಅಚ್ಚು ತನ್ನ ಅಡಿಗೆ ಎಣ್ಣೆಯನ್ನು ತಾನೇ ಎಳೆದುಕೊಂಡು ಅದರ ಮೇಲೆ ತೇಲುತ್ತಿತ್ತು. ಇದಕ್ಕೆ 1886ರಲ್ಲಿ ಗಣಿತದ ವಿವರಣೆ ಕೊಟ್ಟವನು ಆಸ್‌ಬರ್ನ್ ರೇನಾಲ್ಡ್ಸ್.

ಅಂದರೆ ಆರೋಗ್ಯವಾಗಿರುವ ಎಂಜಿನ್ನಿನ ಬೇರಿಂಗಿನಲ್ಲಿ ಲೋಹ ಲೋಹವನ್ನು ಮುಟ್ಟುವುದೇ ಇಲ್ಲ. ನಡುವೆ ತಲೆಗೂದಲಿಗಿಂತ ಎಷ್ಟೋ ತೆಳುವಾದ ಎಣ್ಣೆಯ ಪೊರೆ ಇರುತ್ತದೆ. ಎಣ್ಣೆ ತೀರ ನೀರಾದರೆ ಪೊರೆ ಹರಿಯುತ್ತದೆ. ತೀರ ದಪ್ಪವಾದರೆ ಸಂದಿಗೆ ಹೊತ್ತಿಗೆ ಸರಿಯಾಗಿ ಬಂದು ಸೇರುವುದಿಲ್ಲ. ಈ ಗುಣಕ್ಕೆ ಪಠ್ಯಪುಸ್ತಕದಲ್ಲಿ ಸ್ನಿಗ್ಧತೆ ಎನ್ನುತ್ತೇವೆ. ಬಿಸಿಯಾದಂತೆ ಸ್ನಿಗ್ಧತೆ ಇಳಿಯುತ್ತದೆ. ಚಳಿಗಾಲದ ಬೆಳಿಗ್ಗೆ ಗಟ್ಟಿ ಕೂತ ಕೊಬ್ಬರಿ ಎಣ್ಣೆ ಬಾಟಲಿಯನ್ನು ಬಿಸಿನೀರಲ್ಲಿಟ್ಟವರಿಗೆ ಇದನ್ನು ಹೇಳಿಕೊಡಬೇಕಿಲ್ಲ. (ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು, ಎಂಜಿನ್ ಎಣ್ಣೆ ಮಂದವಾಗುವುದು ಎರಡೂ ಒಂದೇ ಅಲ್ಲ; ಅದನ್ನು ಇನ್ನೊಮ್ಮೆ ನೋಡೋಣ.)

ಡಬ್ಬಿಯ ಮೇಲಿನ ಅಂಕಿಗಳು ಹೇಳುವುದು ಈ ಏರಿಳಿತದ ಕಥೆಯನ್ನೇ. ಡಬ್ಲ್ಯೂ ಎಂದರೆ ವೆಯ್ಟ್ ಅಲ್ಲ, ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಎಣ್ಣೆ ಹೆಚ್ಚು ಚಳಿ ತಡೆಯುತ್ತದೆ. 5 ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. 20 ಡಬ್ಲ್ಯೂ ಎಣ್ಣೆಗೆ ಅದೇ ಪರೀಕ್ಷೆ ಸೊನ್ನೆಗಿಂತ 15 ಡಿಗ್ರಿ ಕೆಳಗಷ್ಟೆ. ಕೊನೆಯ ಅಂಕಿ 100 ಡಿಗ್ರಿ ಕಾವಿನಲ್ಲಿ ಎಣ್ಣೆ ಎಷ್ಟು ದಪ್ಪ ಎಂಬುದು. ಆ ಕಾವಿನಲ್ಲಿ 30ರ ಎಣ್ಣೆ 9.3ರಿಂದ 12.5 ಸೆಂಟಿಸ್ಟೋಕ್, 50ರದ್ದು 16.3ಕ್ಕೂ ಮೇಲೆ. ಹೋಲಿಕೆಗೆ, ತಣ್ಣೀರಿನದು ಸುಮಾರು ಒಂದು. ಒಂದೇ ಎಣ್ಣೆ ಚಳಿಯಲ್ಲಿ ತೆಳು, ಕಾವಿನಲ್ಲಿ ದಪ್ಪ ಎರಡೂ ಆಗುವುದು ಹೇಗೆ? ಅದರಲ್ಲಿ ಬೆರೆಸಿದ ಪಾಲಿಮರ್ ಎಂಬ ಉದ್ದ ಅಣುಗಳು ತಣ್ಣಗಿದ್ದಾಗ ಸುರುಳಿ ಸುತ್ತಿಕೊಂಡಿರುತ್ತವೆ, ಬಿಸಿಯಾದಾಗ ಬಿಚ್ಚಿಕೊಂಡು ಎಣ್ಣೆ ನೀರಾಗದಂತೆ ತಡೆಯುತ್ತವೆ. ಗೇರುಗಳ ನಡುವೆ ಅರೆದು ಅರೆದು ಈ ಅಣುಗಳು ತುಂಡಾಗುತ್ತವೆ. ಎಣ್ಣೆ ‘ಹಳತಾಗುವುದು’ ಎಂಬುದರಲ್ಲಿ ಇದೂ ಒಂದು ಭಾಗ.

ಈಗ ಟಿಕ್ ಟಿಕ್. ಆ ಕಾಲದ ಮಿಯಾಟಾದಲ್ಲಿ ಪ್ರತಿ ಕವಾಟದ ತಲೆಯ ಮೇಲೂ ಬೆರಳ ತುದಿಗೆ ಹಾಕುವ ಟೋಪಿಯಂಥ ಒಂದು ಟ್ಯಾಪೆಟ್ ಇದೆ. ಅದರೊಳಗೆ ಸಣ್ಣ ಸ್ಪ್ರಿಂಗು, ಸಣ್ಣ ಕೋಣೆ. ಎಂಜಿನ್ ಎಣ್ಣೆ ಕಿರಿದಾದ ತೂತಿನಿಂದ ಆ ಕೋಣೆಗೆ ತುಂಬಿಕೊಂಡು, ಕವಾಟಕ್ಕೂ ಕ್ಯಾಮಿಗೂ ನಡುವಿನ ಸಂದನ್ನು ತಾನೇ ಮುಚ್ಚುತ್ತದೆ. ರಾತ್ರಿ ನಿಂತ ಕಾರಿನಲ್ಲಿ ಎಣ್ಣೆ ಸೋರಿ ಗಾಳಿ ಸೇರಿದರೆ, ಅಥವಾ ತೂತಿಗೆ ಜಿಡ್ಡು ಕಟ್ಟಿದರೆ, ಸಂದು ಉಳಿದು ಟಿಕ್ ಟಿಕ್ ಬಡಿಯುತ್ತದೆ. ಇಂಥ ಕಾಯಿಲೆಗೆ ದಪ್ಪ ಎಣ್ಣೆ ಔಷಧಿಯಾದೀತೆ? ಕಿರಿದಾದ ತೂತಿನಲ್ಲಿ ರವೆ ಗಂಜಿ ಇಳಿಸಲು ಹೋದಂತೆ. ಅದೂ ಡೆಟ್ರಾಯಿಟ್ಟಿನ ಜನವರಿಯಲ್ಲಿ! ಬಿಸಿಯಾದ ಮೇಲೆ ದಪ್ಪ ಎಣ್ಣೆ ಸದ್ದನ್ನು ತುಸು ಮಂಕು ಮಾಡೀತು. ಆದರೆ ಈ ಸದ್ದು ಬರುವುದು ಎಂಜಿನ್ ತಣ್ಣಗಿದ್ದಾಗ.

ಮಾರಿದವನು ಇನ್ನೊಂದು ಮಾತು ಹೇಳಿರಬಹುದು: ‘ಮೀಟರಿನ ಮುಳ್ಳು ಮೇಲೇರುತ್ತೆ ನೋಡು’ ಎಂದು. ಏರುತ್ತದೆ, ನಿಜ. 1992ರ ಮಿಯಾಟಾದಲ್ಲಿರುವುದು ಎಣ್ಣೆಯ ಒತ್ತಡವನ್ನು ನಿಜವಾಗಿಯೂ ಅಳೆಯುವ ಮಾಪಕ. ಆದರೆ ಒತ್ತಡ ಬೇರೆ, ಹರಿವು ಬೇರೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಒಳಗೆ ಒತ್ತಡ ಏರುತ್ತದೆ, ಗಿಡಕ್ಕೆ ಹೋಗುವ ನೀರು ಹೆಚ್ಚುವುದಿಲ್ಲ. ಎಣ್ಣೆ ಮಿತಿಮೀರಿ ದಪ್ಪವಾದಾಗ ಪಂಪಿನ ಸುರಕ್ಷಾ ಕವಾಟ ತೆರೆದುಕೊಂಡು ಒಂದಿಷ್ಟು ಎಣ್ಣೆ ಬಂದ ದಾರಿಗೇ ವಾಪಸಾಗುತ್ತದೆ. ಫಿಲ್ಟರಿನಲ್ಲಿಯೂ ಇಂಥದೊಂದು ಬಳಸುದಾರಿ ಇದೆ. ಅದು ತೆರೆದಾಗ ಸೋಸದ ಎಣ್ಣೆಯೇ ಬೇರಿಂಗಿಗೆ ಹೋಗುತ್ತದೆ.

ಹಾಗಾದರೆ ಯಾವುದು ಸರಿ? ಕಾರಿನ ಕೈಪಿಡಿಯಲ್ಲಿ ಹೊರಗಿನ ಉಷ್ಣತೆಗೆ ತಕ್ಕಂತೆ 5 ಡಬ್ಲ್ಯೂ-30, 10 ಡಬ್ಲ್ಯೂ-30 ಎಂದಿದೆ. ಆ ಊರಿಗೆ ವರ್ಷವಿಡೀ 5 ಡಬ್ಲ್ಯೂ-30 ಸಾಕು. ರೇಸಿನ ಮೈದಾನಕ್ಕೆ ಒಯ್ದು ಗಂಟೆಗಟ್ಟಲೆ ಓಡಿಸುವ ಹುಚ್ಚಿದ್ದರೆ, ಎಣ್ಣೆ ವಿಪರೀತ ಕಾಯುವುದರಿಂದ, 5 ಡಬ್ಲ್ಯೂ-40 ಹಾಕಿಕೊಳ್ಳಬಹುದು. 50ರ ತನಕ ಹೋಗುವ ಅಗತ್ಯ ನನಗಂತೂ ಕಾಣದು. ಯಾವ ಕಂಪನಿಯದು ಎಂಬುದಕ್ಕಿಂತ ಡಬ್ಬಿಯ ಮೇಲೆ ಎ.ಪಿ.ಐ. ಮುದ್ರೆ, ಅದರಲ್ಲಿ ಎಸ್‌ಪಿ ಎಂಬ ದರ್ಜೆ ಇದೆಯೇ ಎಂಬುದು ಮುಖ್ಯ. 2020ರಲ್ಲಿ ಬಂದ ಈ ದರ್ಜೆ ಹಿಂದಿನ ಎಸ್‌ಜಿ, ಎಸ್‌ಎಲ್ ಮುಂತಾದವುಗಳ ಜಾಗದಲ್ಲಿ ನಡೆಯುತ್ತದೆ.

‘ಹೊಸ ಎಣ್ಣೆಯಲ್ಲಿ ಸತು ಕಡಿಮೆ, ಹಳೇ ಕಾರಿಗೆ ಆಗದು’ ಎಂಬ ಮಾತೂ ಉಂಟು. ಪೂರ್ತಿ ಸುಳ್ಳಲ್ಲ. ಸತು ಮತ್ತು ರಂಜಕವಿರುವ ಒಂದು ಸಂಯುಕ್ತ ಸವೆತ ತಡೆಯುತ್ತದೆ. ಆದರೆ ರಂಜಕ ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆಂದು 2004ರಲ್ಲಿ 30ರ ದರ್ಜೆಯ ಎಣ್ಣೆಗಳಲ್ಲಿ ಅದರ ಮಿತಿಯನ್ನು ಶೇಕಡಾ 0.08ಕ್ಕೆ ಇಳಿಸಿದರು. ತೊಂದರೆಯಾದದ್ದು ಬಿರುಸಾದ ಸ್ಪ್ರಿಂಗುಗಳಿರುವ ಹಳೆಯ ದೊಡ್ಡ ಅಮೆರಿಕನ್ ಎಂಜಿನ್ನುಗಳಿಗೆ. ಮಿಯಾಟಾದ ಸ್ಪ್ರಿಂಗುಗಳು ಮೃದು, ಚಿಂತೆ ಬೇಡ.

ಸೆಕೆಂಡ್ ಹ್ಯಾಂಡ್ ವಾಹನಕ್ಕೆ ಎಣ್ಣೆಯ ಜಾತಿಗಿಂತ ದೊಡ್ಡ ಪ್ರಶ್ನೆ ಹಿಂದಿನವನು ಹೇಗೆ ನೋಡಿಕೊಂಡಿದ್ದ ಎಂಬುದು. ‘ಮೊನ್ನೆಯಷ್ಟೇ ಬದಲಾಯಿಸಿದೆ’ ಎಂಬ ಮಾತನ್ನು ಪಕ್ಕಕ್ಕಿಟ್ಟು ಎಣ್ಣೆ, ಫಿಲ್ಟರು ಎರಡನ್ನೂ ಹೊಸದಾಗಿ ಹಾಕಿಸಬೇಕು. ಎಣ್ಣೆ ಸುರಿಯುವ ಮುಚ್ಚಳ ತೆಗೆದು ನೋಡಬೇಕು: ಕಾಫಿಯ ನೊರೆಯಂತೆ ಬಿಳಿಚಿದ್ದರೆ ನೀರು ಸೇರುತ್ತಿದೆ. ಬರೀ ಕಪ್ಪಗಿದ್ದರೆ ಗಾಬರಿ ಬೇಡ. ಬಟ್ಟೆ ಒಗೆದ ನೀರು ಕೊಳೆಯಾಗಿದ್ದರೆ ಸೋಪು ಕೆಲಸ ಮಾಡಿದೆ ಎಂದೇ ಅರ್ಥ. ಎಣ್ಣೆಯಲ್ಲಿಯೂ ಮಸಿಯನ್ನು ಹಿಡಿದಿಡುವ ಸೋಪಿನಂಥ ಪದಾರ್ಥಗಳಿವೆ.

ಅಮೆರಿಕದಲ್ಲಿ ಒಂದು ಅನುಕೂಲವಿದೆ. ತೆಗೆದ ಎಣ್ಣೆಯನ್ನು ಸಣ್ಣ ಶೀಶೆಯಲ್ಲಿ ಅಂಚೆಯ ಮೂಲಕ ಪ್ರಯೋಗಾಲಯಕ್ಕೆ ಕಳಿಸಬಹುದು. ಪ್ರಯೋಗದ ತರಗತಿಯಲ್ಲಿ ತಾಮ್ರದ ಲವಣ ಹಿಡಿದಾಗ ಜ್ವಾಲೆ ಹಸಿರಾಗುತ್ತದಲ್ಲ, ಅದರ ದೊಡ್ಡಣ್ಣನಂಥ ಯಂತ್ರ ಅಲ್ಲಿರುತ್ತದೆ. ಎಣ್ಣೆಯಲ್ಲಿರುವ ಪ್ರತಿ ಧಾತುವೂ ತನ್ನದೇ ಬಣ್ಣದ ಬೆಳಕು ಬಿಟ್ಟು ಸಿಕ್ಕಿಬೀಳುತ್ತದೆ. ಸೀಸ, ತಾಮ್ರ ಹೆಚ್ಚಿದ್ದರೆ ಬೇರಿಂಗು ಸವೆದಿದೆ. ಸಿಲಿಕಾನ್ ಹೆಚ್ಚಿದ್ದರೆ ಗಾಳಿಯ ಫಿಲ್ಟರು ದಾಟಿ ಧೂಳು ನುಗ್ಗುತ್ತಿದೆ. ಎಂಜಿನ್ ಬಿಚ್ಚಿಸುವ ಭಯವಿರುವವನು ಮೊದಲು ಮಾಡಿಸಬೇಕಾದ ಖರ್ಚು ಇದು.

ನಮ್ಮೂರಿನ ಲೆಕ್ಕ ಬೇರೆ. ಇಲ್ಲಿ ಸೊನ್ನೆ ಡಿಗ್ರಿಯ ಮಾತಿಲ್ಲ. ಅಂಬಾಸಿಡರ್ ಕಾಲದ ಸಡಿಲ ಎಂಜಿನ್ನುಗಳಿಗೆ ದಪ್ಪ ಎಣ್ಣೆ ಸರಿಯೇ ಇತ್ತು. ಹುಡುಗನ ತಂದೆಯವರ ಅನುಭವ ಅಲ್ಲಿಯದು. ಈಗಿನ ಎಂಜಿನ್ನುಗಳ ಸಂದುಗಳು ಕಿರಿದು, ಕೈಪಿಡಿ ಹೇಳಿದ ಅಂಕಿಯನ್ನು ದಾಟಬಾರದು. ಬೈಕಿನವರು ಕಾರಿನ ಎಣ್ಣೆ ಸುರಿಯಬೇಡಿ. ಬಹುಪಾಲು ಬೈಕುಗಳ ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ, ಜಾರತೊಡಗುತ್ತದೆ. ‘ಜಾಸೋ ಎಂಎ’ ಎಂದು ಬರೆದ ಡಬ್ಬಿಯನ್ನೇ ಕೇಳಿ. ಖಾಲಿ ಡಬ್ಬಿಯನ್ನು ಅಂಗಡಿಯವನಿಗೆ ಬಿಟ್ಟು ಬರುವ ಮುನ್ನ ಚಾಕುವಿನಿಂದ ಸೀಳಿಬಿಡಿ, ಅದರಲ್ಲಿ ಮತ್ತೇನನ್ನೋ ತುಂಬಿ ಮಾರುವವರಿದ್ದಾರೆ.

ಹುಡುಗನಿಗೆ ಬರೆದ ಕೊನೆಯ ಮಾತು ಇಷ್ಟು: 5 ಡಬ್ಲ್ಯೂ-30 ಹಾಕಿ ಎರಡು ಸಾವಿರ ಮೈಲಿ ಓಡಿಸು, ಮತ್ತೆ ಎಣ್ಣೆ, ಫಿಲ್ಟರು ಬದಲಿಸು. ಜಿಡ್ಡು ನಿಧಾನವಾಗಿ ಕರಗಿ ಸದ್ದು ತಾನೇ ಕಡಿಮೆಯಾಗುವುದುಂಟು. ಎರಡನೆಯ ಸಲವೂ ಆಗದಿದ್ದರೆ ಎಣ್ಣೆ ಬದಲಿಸುತ್ತ ಕೂರಬೇಡ. ಹದಿನಾರೂ ಟ್ಯಾಪೆಟ್ಟುಗಳನ್ನು ಹೊರತೆಗೆಸಿ, ತೊಳೆಸಿ, ಎಣ್ಣೆಯಲ್ಲಿ ಮುಳುಗಿಸಿ ಗಾಳಿ ಬಿಡಿಸಿ, ಯಾವುದು ಎಲ್ಲಿತ್ತೋ ಅಲ್ಲಿಗೇ ಕೂರಿಸಲು ಹೇಳು.